ಎರಡು ಮೊಳದ ದಿಂಬು

ಮನೆಗೆ ಹೊಸದಾಗಿ ಯಾರೇ ಬಂದರೂ ನಮ್ಮ ಅತ್ತೆಯ ದಿಂಬಿನ ಮೇಲೆ ಒಮ್ಮೆ ಕೈ ಒತ್ತಿ ನೋಡುತ್ತಾರೆ. ಒತ್ತಿ, ಮೋಸಹೋದವರ ಹಾಗೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕಲ್ಲಿನಂತೆ ಗಟ್ಟಿ. ತಲೆಯಿಟ್ಟು ಮಲಗುವ ದಿಂಬಲ್ಲ ಅದು, ಲೇಸ್ ಹೆಣೆಯುವ ದಿಂಬು.

ಲೇಸ್ ಅಂದ ಕೂಡಲೇ ಎಲ್ಲರಿಗೂ ಕ್ರೋಶಾ ಕಡ್ಡಿ ನೆನಪಾಗುತ್ತದೆ. ಇದರಲ್ಲಿ ಕಡ್ಡಿಯೂ ಇಲ್ಲ, ಸೂಜಿಯೂ ಇಲ್ಲ. ದಿಂಬಿನ ಮೇಲೆ ತೂತು ಚುಚ್ಚಿದ ಕಾಗದದ ನಕ್ಷೆ ಹಾಸಬೇಕು. ದಾರ ಸುತ್ತಿದ, ಬೆರಳುದ್ದದ ಮರದ ಬಾಬಿನ್‌ಗಳು ಜೋಡಿ ಜೋಡಿಯಾಗಿ ಅದರ ಮೇಲೆ ಇಳಿಬಿದ್ದಿರುತ್ತವೆ. ಒಂದು ಜೋಡಿಯನ್ನು ಇನ್ನೊಂದರ ಮೇಲೆ ದಾಟಿಸಿ, ತಿರುಚಿ, ತೂತಿನಲ್ಲಿ ಪಿನ್ನು ಚುಚ್ಚಿ ಎಳೆದರೆ ಒಂದು ಹೆಣಿಗೆ ಕೂತಿತು. ದಿಂಬು ಗಟ್ಟಿಯಿದ್ದರೆ ಪಿನ್ನು ನೆಟ್ಟಗೆ ನಿಲ್ಲುತ್ತದೆ, ಪಿನ್ನು ನೆಟ್ಟಗಿದ್ದರೆ ದಾರ ಬಿಗಿಯಾಗಿ ನಿಲ್ಲುತ್ತದೆ. ದಿಂಬು ಮೆತ್ತಗಾಯಿತೋ, ಪಿನ್ನು ವಾಲಿತು, ಲೇಸು ಸೊರಗಿತು. ಇಷ್ಟೇ ಶಾಸ್ತ್ರ.

ಮದುವೆಯಾಗಿ ಈ ಮನೆಗೆ ಬಂದ ತಿಂಗಳಲ್ಲೇ ನನಗೆ ಈ ಶಾಸ್ತ್ರ ಬಾಯಿಪಾಠವಾಗಿತ್ತು. ಆಮೇಲಿನ ಹನ್ನೊಂದು ವರ್ಷ ನಾನು ಮಾಡಿದ್ದೇನಪ್ಪಾ ಅಂದರೆ ಬಾಬಿನ್‌ಗೆ ದಾರ ಸುತ್ತಿದ್ದು, ನಕ್ಷೆಗೆ ತೂತು ಹೊಡೆದಿದ್ದು, ನೆಲಕ್ಕೆ ಬಿದ್ದ ಪಿನ್ನು ಹೆಕ್ಕಿದ್ದು. ಕರವಸ್ತ್ರದ ಅಂಚು, ಮಗುವಿನ ಕಾಲರು, ಇಂಥ ಚಿಲ್ಲರೆ ಕೆಲಸ ಕೊಡುತ್ತಿದ್ದರು. ಮುಗಿಸಿ ತೋರಿಸಿದರೆ ಕಿಟಕಿಯ ಬೆಳಕಿಗೆ ಹಿಡಿದು, ಬೆಣ್ಣೆಯಲ್ಲಿ ಕೂದಲು ಹುಡುಕುವವರ ಹಾಗೆ ನೋಡಿ, ಕೈ ಹಗುರ ಅಂದು ಪಕ್ಕಕ್ಕಿಡುತ್ತಿದ್ದರು. ದೊಡ್ಡ ಕೆಲಸದ ಹತ್ತಿರ ಮಾತ್ರ ಬಿಟ್ಟುಕೊಂಡವರಲ್ಲ. ಒಬ್ಬೊಬ್ಬರ ಎಳೆತ ಒಂದೊಂದು ಥರ, ಒಂದೇ ಲೇಸಿನ ಮೇಲೆ ಎರಡು ಕೈ ಬಿದ್ದರೆ ಒಂದೇ ಕಾಗದವನ್ನು ಇಬ್ಬರು ಬರೆದ ಹಾಗೆ ಕಾಣುತ್ತದೆ ಎನ್ನುವುದು ಅವರ ವಾದ. ವಾದ ಸರಿಯೇ. ಆದರೆ ಹನ್ನೊಂದು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ಇನ್ನೊಬ್ಬರು ಅಡುಗೆ ಮಾಡುವುದನ್ನು ನೋಡುವವಳಿಗೆ ಹೊಟ್ಟೆ ತುಂಬುತ್ತದೆಯೇ?

ಊರಿನ ಗ್ರಂಥಾಲಯದಿಂದ ಕೆಲಸ ಬಂದಾಗ ನನ್ನ ಆಸೆ ಮತ್ತೆ ತಲೆಯೆತ್ತಿತು. ಓದುವ ಕೋಣೆಯ ಗೋಡೆಗೆ ಗಾಜಿನ ಚೌಕಟ್ಟಿನೊಳಗೆ ಹಾಕಲು ಒಂದು ಲೇಸು. ಒಂದು ಮರ, ಅದರ ತುಂಬ ಹಕ್ಕಿಗಳು. ಅಗಲ ಎರಡು ಮೊಳ, ಉದ್ದ ನಾಲ್ಕು ಮೊಳ. ಗ್ರಂಥಪಾಲಕಿ ಗೋಡೆಯ ಅಳತೆ ಬರೆದುಕೊಂಡು ಬಂದಿದ್ದ ಚೀಟಿಯನ್ನು ಅತ್ತೆ ಎರಡು ಸಲ ಓದಿದರು, ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಇಷ್ಟು ದೊಡ್ಡದನ್ನು ಅವರೂ ಹೆಣೆದಿರಲಿಲ್ಲ. ಅವರ ಹಳೆಯ ದಿಂಬು, ಹೆಣಿಗೆ ಕಲಿಸಿದ ಗುರುಗಳು ಕೊಟ್ಟಿದ್ದು, ಹುಲ್ಲು ತುಂಬಿದ ದುಂಡನೆಯದು, ಅಗಲ ಒಂದು ಮೊಳ. ಹಾಗಾಗಿ ಲೇಸಿಗಿಂತ ಮೊದಲು ದಿಂಬಿನ ಚರ್ಚೆ ಶುರುವಾಯಿತು.

ಮನೆಯಲ್ಲಿ ಎಷ್ಟು ಜನವೋ ಅಷ್ಟು ದಿಂಬು. ನಮ್ಮವರು ಟಿವಿ ಬಂದ ಪೆಟ್ಟಿಗೆಯ ಥರ್ಮಾಕೋಲ್ ತಂದು ಮೇಜಿನ ಮೇಲಿಟ್ಟು, ಹಗುರ, ದೊಡ್ಡದು, ಪುಕ್ಕಟೆ ಅಂದರು. ಅತ್ತೆ ಒಂದೇ ತೂತಿನಲ್ಲಿ ನಾಲ್ಕು ಸಲ ಪಿನ್ನು ಚುಚ್ಚಿ ತೆಗೆದರು. ಐದನೇ ಸಲ ಪಿನ್ನು ತಾನಾಗಿಯೇ ಉದುರಿತು. ಮಗನ ಮುಖ ನೋಡಿದರು. ಮಗ ಥರ್ಮಾಕೋಲ್ ಎತ್ತಿಕೊಂಡು ಹೋದರು. ಉದ್ದನೆಯ ಉರುಳೆ ದಿಂಬು ಮಾಡೋಣವೆಂದರೆ, ಉರುಳೆಯ ಬೆನ್ನು ಬಾಗಿರುತ್ತದೆ, ಹಕ್ಕಿಗಳೆಲ್ಲ ಗೂನಾಗುತ್ತವೆ ಅಂದರು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು.

ಕೊನೆಗೆ ಉಳಿದಿದ್ದು ಎರಡು. ಒಂದು, ಎರಡೂವರೆ ಮೊಳ ಅಗಲದ ದುಂಡು ದಿಂಬು. ಅದರ ದೂರದ ಅಂಚಿಗೆ ಒಬ್ಬರ ಕೈ ನಿಲುಕುವುದಿಲ್ಲ. ಈ ಕಡೆ ಒಬ್ಬರು, ಆ ಕಡೆ ಒಬ್ಬರು ಕೂರಲೇಬೇಕು. ಇನ್ನೊಂದು, ಮಾವ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದ ತುಂಡು ದಿಂಬು. ಮರದ ಚೌಕಟ್ಟಿನೊಳಗೆ ಗೇಣುದ್ದ ಗೇಣಗಲದ ಹನ್ನೆರಡು ಪುಟ್ಟ ದಿಂಬುಗಳನ್ನು, ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು ಸಾಲು, ಸಂದಿಲ್ಲದಂತೆ ಕೂಡಿಸುವುದು. ಕೆಲಸ ಕೆಳಗಿಳಿದಂತೆ ಮೇಲಿನ ಸಾಲು ಖಾಲಿಯಾಗುತ್ತದೆ, ಅದನ್ನು ತೆಗೆದು ಕೆಳಗೆ ಸೇರಿಸಿ ಎಲ್ಲವನ್ನೂ ಮೇಲಕ್ಕೆ ತಳ್ಳಿದರಾಯಿತು. ನಾಲ್ಕು ಮೊಳವೇನು, ನಲವತ್ತು ಮೊಳವಾದರೂ ಲೇಸು ತಾನಾಗಿ ಕೈ ಹತ್ತಿರ ಬರುತ್ತದೆ. ಒಬ್ಬರೇ ಕೂತು ಮುಗಿಸಬಹುದು.

ನನಗೆ ದುಂಡು ದಿಂಬೇ ಬೇಕಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಎರಡು ಕುರ್ಚಿ ಬೇಕು. ಒಂದು ಸಲ ಧೈರ್ಯ ಮಾಡಿ, ದುಂಡು ದಿಂಬಿಗೆ ಸಂದೇ ಇರಲ್ಲ ಅಲ್ವಾ ಅತ್ತೆ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಸಂದಿ ಇಲ್ಲ, ಆದರೆ ಗುಂಪು ಸೇರತ್ತೆ ಅಂದರು. ಗುಂಪು ಅಂದರೆ ನಾನೊಬ್ಬಳೇ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅತ್ತೆಯ ಬಲಭುಜ ಒಂದು ವರ್ಷದಿಂದ ಹಿಡಿದುಕೊಂಡಿತ್ತು. ಮೇಲಿನ ಕಪಾಟಿನ ಡಬ್ಬಿಗಳೆಲ್ಲ ಒಂದೊಂದಾಗಿ ಕೆಳಗಿನ ಕಪಾಟಿಗೆ ಬಂದಿದ್ದವು. ಕೇಳಿದರೆ, ದಿನಾ ಯಾರು ಎತ್ತಿ ಇಳಿಸ್ತಾರೆ, ಇಲ್ಲೇ ಇರಲಿ ಅನ್ನುತ್ತಿದ್ದರು. ಡಾಕ್ಟರು ಕೊಟ್ಟ ವ್ಯಾಯಾಮದ ಚೀಟಿ ಅಕ್ಕಿಡಬ್ಬದ ಕೆಳಗಿತ್ತು. ಆ ಮಾತು ನಾವು ಯಾರೂ ಎತ್ತುತ್ತಿರಲಿಲ್ಲ.

ತುಂಡು ದಿಂಬೇ ನಿಶ್ಚಯವಾಯಿತು. ಮಾವ ನಿವೃತ್ತರಾಗುವವರೆಗೂ ಪೀಠೋಪಕರಣದ ಕಾರ್ಖಾನೆಯಲ್ಲಿದ್ದವರು; ಜೊತೆಯವರು ಇಟ್ಟ ಹೆಸರು ಸೆಂಟಿಮೀಟರ್. ಅನ್ನ ಬಡಿಸಿಕೊಳ್ಳುವಾಗಲೂ ತಟ್ಟೆಯ ಅಂಚಿನಿಂದ ಅಳತೆ ನೋಡುತ್ತಾರೆ ಅಂತ ಅತ್ತೆಯ ದೂರು. ಹಿಂದಿನ ವರಾಂಡದಲ್ಲಿ ಹತ್ತು ದಿನ ನಮ್ಮಿಬ್ಬರ ಕಾರ್ಖಾನೆ ನಡೆಯಿತು. ತಳಕ್ಕೆ ತೆಳು ಹಲಗೆ. ಅದರ ಮೇಲೆ ಹಳೆ ಉಣ್ಣೆ ಕಂಬಳಿಯ ಚೌಕಗಳು, ಒಂದರ ಮೇಲೊಂದು ಇಪ್ಪತ್ತು. ಬದಿಗಳಿಗೆ ಜರಡಿ ಹಿಡಿದ ಮರದ ಹೊಟ್ಟು. ಎಲ್ಲವನ್ನೂ ಕ್ಲ್ಯಾಂಪಿನಲ್ಲಿ ಬಿಗಿದು, ಕೊಡತಿಯಿಂದ ಬಡಿದು, ಮತ್ತೆ ತುಂಬಿ, ಮತ್ತೆ ಬಡಿದು, ದಪ್ಪ ನೀಲಿ ಬಟ್ಟೆ ಎಳೆದು ಅಡಿಯಲ್ಲಿ ಮೊಳೆ ಹೊಡೆಯುವುದು. ಆರು ಮುಗಿಯುವಷ್ಟರಲ್ಲಿ ಮಾವನ ಮಣಿಕಟ್ಟು ಸೋತಿತು. ಉಳಿದ ಆರು ನಾನು ತುಂಬಿದೆ. ಅವರು ತಮ್ಮವಕ್ಕೆ ಅಡಿಯಲ್ಲಿ ಪೆನ್ಸಿಲಿನಿಂದ ಒಂದರಿಂದ ಆರು ಅಂತ ಬರೆದರು. ನಾನು ನನ್ನವಕ್ಕೆ ಬಿಳಿ ದಾರದಲ್ಲಿ ಒಂದು ಗುಣಾಕಾರದ ಗುರುತು ಹೊಲಿದೆ. ಎಡಗಡೆಗೆ ಅವರವು, ಬಲಗಡೆಗೆ ನನ್ನವು. ಅತ್ತೆ ಹನ್ನೆರಡಕ್ಕೂ ಪಿನ್ನು ಚುಚ್ಚಿ, ಉಗುರಿನಿಂದ ಮೀಟಿ ಸದ್ದು ಕೇಳಿದರು. ಎಲ್ಲವೂ ಪಾಸು.

ಅತ್ತೆ ಮೇಜಿನ ನಟ್ಟನಡುವೆ ಕೂತರು. ಇನ್ನೂರ ನಲವತ್ತು ಜೋಡಿ ಬಾಬಿನ್, ಎಲ್ಲಕ್ಕೂ ದಾರ ಸುತ್ತಿದ್ದು ನಾನೇ. ಮೊದಲ ತಿಂಗಳು ಮನೆ ತುಂಬ ಮರಕ್ಕೆ ಮರ ತಾಗುವ ಟಕಟಕ. ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ, ಸುಳ್ಳು ಹೇಳಬಾರದು.

ಎರಡನೇ ತಿಂಗಳಲ್ಲಿ, ಮೇಲಿನ ಸಾಲು ಖಾಲಿಯಾಗಿ ಪಿನ್ನುಗಳನ್ನು ಕಿತ್ತಾಗ, ವಿಷಯ ಗೊತ್ತಾಯಿತು. ಎಡಗಡೆಯ ಲೇಸು ಕಾಗದದಂತೆ ನಿಂತಿತ್ತು. ಬಲತುದಿಯ ಒಂದು ಗೇಣು ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಇನ್ನೂ ಕೀಳದಿದ್ದ ಪಿನ್ನುಗಳನ್ನು ನೋಡಿದರೆ ಆ ಕಡೆಯವೆಲ್ಲ ಗಾಳಿಗೆ ಬಾಗಿದ ಪೈರಿನಂತೆ ಒಂದೇ ದಿಕ್ಕಿಗೆ ವಾಲಿದ್ದವು. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ತಣ್ಣಗೆ ಅಂದರು:

"ಬಲಗಡೆ ದಿಂಬು ಮೆತ್ತಗಿದೆ."

ಬಲಗಡೆ ದಿಂಬು ಯಾರು ತುಂಬಿದ್ದು ಅಂತ ಯಾರೂ ಕೇಳಲಿಲ್ಲ, ಯಾರಿಗೂ ಮರೆತಿರಲಿಲ್ಲ. ಖಾಲಿಯಾದ ನನ್ನೆರಡು ದಿಂಬುಗಳನ್ನು ವರಾಂಡಕ್ಕೆ ಒಯ್ದು ಒಂದರ ಬಟ್ಟೆ ಬಿಚ್ಚಿದೆ. ಒಂದು ಚಿಟಿಕೆ ಹೊಟ್ಟು ಸೇರಿಸಲೂ ಜಾಗವಿರಲಿಲ್ಲ. ಸುಮ್ಮನೆ ನಾಲ್ಕು ಸಲ ಬಡಿದು, ಬಟ್ಟೆ ಹಾಕಿ, ವಾಪಸ್ಸು ತಂದೆ. ಆದರೆ ತಂದವಳು ಆ ಸಾಲನ್ನು ಕೆಳಗೆ ಜೋಡಿಸುವಾಗ ಒಂದು ಕೆಲಸ ಮಾಡಿದೆ. ಮಾವನ ಎರಡನ್ನು ಬಲಕ್ಕೆ ಹಾಕಿದೆ, ನನ್ನ ಎರಡನ್ನು ಎಡಕ್ಕೆ. ನೀಲಿ ಬಟ್ಟೆ ಎಲ್ಲಕ್ಕೂ ಒಂದೇ. ಮೇಲಿನಿಂದ ನೋಡಿದರೆ ಗುರುತೇ ಸಿಗುವುದಿಲ್ಲ.

ಹೆಣಿಗೆ ಆ ಸಾಲಿಗೆ ಇಳಿದು ಬರಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಮೆತ್ತಗಿನ ದಿಂಬಿನ ಮಾತು ಅತ್ತೆಯ ಬಾಯಲ್ಲಿ ಬರುತ್ತಲೇ ಇತ್ತು. ಮೇಲಿನ ಮನೆಯವರು ಬಂದಾಗ ಒಂದು ಸಲ, ದಾರದ ಅಂಗಡಿಯವರು ಬಂದಾಗ ಒಂದು ಸಲ. ನಾನು ಆ ಸಾಲಿಗಾಗಿ ಕಾಯುತ್ತಿದ್ದೆ. ಕೊನೆಗೆ ಅತ್ತೆ ಸ್ನಾನಕ್ಕೆ ಹೋದ ಒಂದು ಬೆಳಿಗ್ಗೆ ಬಗ್ಗಿ ನೋಡಿದೆ. ಎಡಗಡೆ, ನನ್ನ ದಿಂಬಿನ ಮೇಲೆ, ಪಿನ್ನುಗಳು ಸಿಪಾಯಿಗಳ ಹಾಗೆ ನಿಂತಿದ್ದವು. ಬಲಗಡೆ, ಮಾವನ ದಿಂಬಿನ ಮೇಲೆ, ಅದೇ ವಾಲಿದ ಪೈರು.

ಮೊದಲು ಬಂದಿದ್ದು ಸಂತೋಷ. ಒಳ್ಳೆಯ ಸಂತೋಷವಲ್ಲ, ಇಡೀ ಬೀದಿಗೆ ಕೇಳುವಂತೆ ಕೂಗಬೇಕು ಅನ್ನಿಸುವಂಥದ್ದು. ದಿಂಬಿನ ತಪ್ಪಲ್ಲ, ಕೈಯ ತಪ್ಪು. ಭುಜ ಹೊರಳದ ಕೈ ಅಷ್ಟು ದೂರದಲ್ಲಿ ಪಿನ್ನನ್ನು ನೆಟ್ಟಗೆ ಒತ್ತಲಾರದು, ಓರೆಯಾಗಿ ಚುಚ್ಚುತ್ತದೆ, ದಾರವನ್ನೂ ಪೂರ್ತಿ ಎಳೆಯಲಾರದು. ಕುರ್ಚಿಯನ್ನು ಬಲಕ್ಕೆ ಸರಿಸಿ ಕೂತಿದ್ದರೆ ಆಗುತ್ತಿತ್ತು. ಆದರೆ ಸಾಲು ಸಾಲಿಗೂ ಎದ್ದು ಆ ಕಡೆ ಈ ಕಡೆ ಹೋಗಬೇಕು, ಹೋದರೆ ಭುಜದ ವಿಷಯ ತಾವೇ ಒಪ್ಪಿಕೊಂಡ ಹಾಗೆ.

ಸ್ನಾನ ಮುಗಿಸಿ ಬಂದು ಅವರು ಕೂತರು. ನಾನು ದಾರ ಸುತ್ತುವ ನೆಪದಲ್ಲಿ ಅಲ್ಲೇ ಇದ್ದೆ. ಬಲತುದಿಗೆ ಹೋಗುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಬೇರೆ ಯಾರದೋ ವಸ್ತುವನ್ನು ಎತ್ತಿಡುವ ಹಾಗೆ ದಿಂಬಿನ ಆ ತುದಿಗೆ ಇಟ್ಟರು. ಇಟ್ಟು, ಯಾರಾದರೂ ನೋಡಿದರಾ ಅಂತ ತಲೆಯೆತ್ತಿದರು. ನಾನು ಬಾಬಿನ್ ನೋಡುತ್ತಿದ್ದೆ.

ಹೇಳಲಿಲ್ಲ. ಕರುಣೆಯಿಂದ ಅಂದರೆ ಅರ್ಧ ಸುಳ್ಳು. ಹೇಳಿದರೆ ಕೆಲಸವೇ ನಿಲ್ಲುತ್ತದೆ, ಗ್ರಂಥಾಲಯಕ್ಕೆ ಆಗುವುದಿಲ್ಲ ಅಂತ ಕಾಗದ ಹೋಗುತ್ತದೆ, ಆಮೇಲೆ ಈ ಮನೆಯಲ್ಲಿ ದೊಡ್ಡ ದಿಂಬು ಮತ್ತೆ ಮೇಜಿಗೇರುವುದಿಲ್ಲ. ಅವರ ಕುರ್ಚಿಯೇ ಹೋದರೆ ನನ್ನದು ಎಲ್ಲಿಂದ ಬರಬೇಕು? ಹೀಗೆ ಒಂದೂವರೆ ತಿಂಗಳು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವಳಂತೆ ಓಡಾಡಿದೆ.

ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಗಿದಿದ್ದಾಗ ಗ್ರಂಥಪಾಲಕಿ ನೋಡಲು ಬಂದರು. ಬಾಬಿನ್‌ಗಳ ಮೇಲೆ ಹಾಸಿದ್ದ ಬಟ್ಟೆ ತೆಗೆದಾಗ ಆಕೆ ಕೈ ಎದೆಗಿಟ್ಟುಕೊಂಡರು. ಮರ ಕೊಂಬೆಯವರೆಗೆ ಬಂದಿತ್ತು, ಏಳು ಹಕ್ಕಿ ಕೂತಿದ್ದವು. ಬಲತುದಿಯ ಎರಡು ಹಕ್ಕಿಗಳು ಮಾತ್ರ ನೆನೆದು ಬಂದಂತಿದ್ದವು. ಆಕೆಯ ಕಣ್ಣು ಅಲ್ಲಿ ಒಂದು ಕ್ಷಣ ನಿಂತಿತು. ಅತ್ತೆಗೆ ಅಷ್ಟು ಸಾಕಾಯಿತು. ಬಲಗಡೆಯದು ನಮ್ಮ ಸೊಸೆ ತುಂಬಿದ ದಿಂಬು, ಪಾಪ, ಅವಳಿಗೆ ಅಭ್ಯಾಸವಿಲ್ಲ, ಮೆತ್ತಗಾಗಿದೆ ಅಂತ ಶುರು ಮಾಡಿದರು. ಅಷ್ಟಕ್ಕೇ ಬಿಡದೆ, ಆ ದಿನವೇ ಖಾಲಿಯಾಗಿದ್ದ ಮೇಲಿನ ಸಾಲು ತೋರಿಸಿ, ರೀ, ಆ ಬಲಗಡೆಯ ಕೊನೇದು ಎತ್ತಿ ಕೊಡಿ, ಇವರೂ ಒತ್ತಿ ನೋಡಲಿ ಅಂದರು.

ಆ ಸಾಲೇ ನಾನು ಅದಲು ಬದಲು ಮಾಡಿದ್ದು.

ಮಾವ ದಿಂಬು ಎತ್ತಿ, ಅಭ್ಯಾಸಬಲದಿಂದ ಮಗುಚಿ ಅಡಿ ನೋಡಿದರು. ನೋಡಿದವರು ಹಾಗೇ ನಿಂತರು. ಗ್ರಂಥಪಾಲಕಿ ಎರಡೂ ಹೆಬ್ಬೆರಳಿನಿಂದ ಒತ್ತಿ, ನನಗೆ ಇದೂ ಕಲ್ಲೇ ಅನ್ನಿಸತ್ತೆ ಅಂತ ನಕ್ಕರು. ಅತ್ತೆ ಕೈ ಚಾಚಿ ಅದನ್ನು ಇಸಿದುಕೊಂಡರು. ಅಡಿಯಲ್ಲಿ ಮಾವ ಪೆನ್ಸಿಲಿನಿಂದ ಬರೆದ ದುಂಡನೆಯ ಎರಡರ ಅಂಕಿ.

"ನಾನೇ ಬದಲಾಯಿಸಿದ್ದು," ಅಂದರು ಮಾವ. "ಆವತ್ತು ಮರೆತು."

ಅಳತೆಪಟ್ಟಿ ಜೇಬಲ್ಲಿಟ್ಟುಕೊಂಡೇ ಮಲಗುವ ಮನುಷ್ಯ ಮರೆತು ಎನ್ನುವ ಮಾತನ್ನು ಈ ಮನೆಯಲ್ಲಿ ಆಡಿದ್ದು ಅದೇ ಮೊದಲು. ಅತ್ತೆ ಅವರ ಕಡೆ ನೋಡಲೂ ಇಲ್ಲ. ಗ್ರಂಥಪಾಲಕಿಗೆ ಕಾಫಿ ಕೊಟ್ಟು, ಬಾಗಿಲವರೆಗೆ ಬಿಟ್ಟು ಬಂದು, ನನ್ನ ಮುಂದೆ ನಿಂತರು.

"ಯಾವಾಗ ಗೊತ್ತಾಯ್ತು?"

"ಒಂದೂವರೆ ತಿಂಗಳಾಯ್ತು ಅತ್ತೆ."

"ಅಷ್ಟು ದಿನ ಬೈಸಿಕೊಂಡು ಸುಮ್ನಿದ್ಯಾ?"

"ಬೈಗುಳ ನನಗೇನು ಹೊಸದಾ?" ಅಂದುಬಿಟ್ಟೆ. ನಗಿಸೋಣ ಅಂತ ಅಂದಿದ್ದು. ಅವರು ನಗಲಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಎರಡು ದಿನ ಮನೆಯಲ್ಲಿ ಟಕಟಕ ಇಲ್ಲ. ಗಡಿಯಾರ ನಿಂತ ಮನೆಯ ಹಾಗಾಯಿತು. ಮಾವ ಗ್ರಂಥಾಲಯದವರ ಹತ್ತಿರ ಮಾತಾಡಿ ಅಳತೆ ಕಮ್ಮಿ ಮಾಡಿಸೋಣವಾ ಅಂತ ಬಾಗಿಲಲ್ಲಿ ನಿಂತು ಕೇಳಿದರಂತೆ. ಹಕ್ಕಿ ತಲೆ ಕತ್ತರಿಸ್ತೀರಾ, ರೆಕ್ಕೆ ಕತ್ತರಿಸ್ತೀರಾ ಅಂತ ಒಳಗಿಂದ ಉತ್ತರ ಬಂತಂತೆ. ನಮ್ಮವರು ಮಾತ್ರ, ಅಮ್ಮ ಸಿಟ್ಟು ಮಾಡ್ಕೊಂಡಿದ್ದಾಳೆ ಅಂದರೆ ಹುಷಾರಾಗಿದ್ದಾಳೆ ಅಂತ ಅರ್ಥ ಅಂತ ನನಗೆ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಬಟ್ಟೆ ಹಾಸಿದ್ದ ದಿಂಬಿನ ಹತ್ತಿರ ಹೋಗಿ ಹೋಗಿ ಬರುತ್ತಿದ್ದೆ. ಯಾಕೆ ಅದಲು ಬದಲು ಮಾಡಿದೆನೋ ಅಂತ ನನ್ನನ್ನೇ ಬೈದುಕೊಂಡೆ. ಮೆತ್ತಗೆ ತುಂಬಿದವಳು ಅನ್ನಿಸಿಕೊಂಡೇ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು?

ಮೂರನೇ ದಿನ ಬೆಳಿಗ್ಗೆ ಬಟ್ಟೆ ಒಣಗಿಸಿ ಬರುವಾಗ ವರಾಂಡದಲ್ಲಿ ಗರಗಸದ ಸದ್ದು. ಮಾವ ಊಟದ ಮೇಜಿನ ಒಂದು ಒಳ್ಳೆಯ ಕುರ್ಚಿಯನ್ನು ತಲೆಕೆಳಗು ಮಾಡಿ ಅದರ ಕಾಲು ಕತ್ತರಿಸುತ್ತಿದ್ದರು. ಏನಿದು ಅಂದೆ. ಎತ್ತರ ಜಾಸ್ತಿಯಾಗತ್ತಂತೆ, ನಾಲ್ಕು ಸೆಂಟಿಮೀಟರ್ ಅಂದರು.

ಒಳಗೆ ಅತ್ತೆ ದಿಂಬಿನ ಮುಂದೆ ಕೂತಿದ್ದರು, ನಡುವೆ ಅಲ್ಲ, ಎಡಕ್ಕೆ ಸರಿದು. ಮಾವ ಕುರ್ಚಿ ತಂದು ಬಲಕ್ಕಿಟ್ಟು, ಕಾಲುಗಳನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಹೊರಗೆ ಹೋದರು. ನಾನು ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದೆ.

"ಕೂರು," ಅಂದರು ಅತ್ತೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ನನ್ನ ತಲೆ ಮೇಲೆ ಕೂರತ್ತೆ ಅಂತ ನಾನು ಎಣಿಸಿರಲಿಲ್ಲ."

ಆಗಿರುವುದನ್ನು ಬಿಚ್ಚೋಣವಾ ಅಂತ ಕೇಳಿದೆ. ಬೇಡ, ಐದು ತಿಂಗಳ ಕೆಲಸ, ನನ್ನ ಭುಜ ಹಿಡಿದುಕೊಂಡ ವರ್ಷ ಇದು ಅಂತ ಅಲ್ಲೇ ಬರೆದಿರಲಿ, ಗ್ರಂಥಪಾಲಕಿಗೆ ನಾನೇ ಹೇಳ್ತೀನಿ ಅಂದರು. ಆಮೇಲೆ, ನಮ್ಮಿಬ್ಬರ ಎಳೆತ ಬೇರೆ ಬೇರೆ, ನೀನು ಒಂದಿಷ್ಟು ಬಿಗಿ ಮಾಡು, ನಾನು ಒಂದಿಷ್ಟು ಸಡಿಲ ಬಿಡ್ತೀನಿ, ನಡುವೆ ಎಲ್ಲಾದರೂ ಸಿಕ್ಕೋಣ ಅಂದರು. ನಲವತ್ತು ವರ್ಷದಿಂದ ಒಂದೇ ಬಿಗಿಯಲ್ಲಿ ಎಳೆದ ಕೈ ಅದು. ನಾನು ತಲೆಯಾಡಿಸಿದೆ. ಬಲಗಡೆಯ ಕುರ್ಚಿಯಲ್ಲಿ ಕೂತೆ.

ಈ ಹೆಣಿಗೆಯಲ್ಲಿ ಎಲ್ಲ ಜೋಡಿಗಳೂ ಇದ್ದಲ್ಲೇ ಇಳಿಬಿದ್ದಿರುತ್ತವೆ. ಒಂದೇ ಒಂದು ಜೋಡಿ ಮಾತ್ರ ಎಡದ ಅಂಚಿನಿಂದ ಬಲದ ಅಂಚಿಗೆ, ಬಲದಿಂದ ಎಡಕ್ಕೆ, ಎಲ್ಲವನ್ನೂ ದಾಟಿ ಓಡಾಡುತ್ತದೆ. ಇಬ್ಬರು ಕೂತರೆ ಪ್ರತಿ ಸಾಲಿನ ನಡುವೆ ಅದನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬೇಕು. ಅತ್ತೆ ಎಡ ಅಂಚಿನಿಂದ ಹೊರಟರು. ನೂರಾ ಇಪ್ಪತ್ತು ಜೋಡಿ ದಾಟಿ ನಡುವಿಗೆ ಬಂದು, ಓಡುವ ಜೋಡಿಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ಚಾಚಿದರು. ದಾರ ಸಡಿಲಾಗಬಾರದು, ನಾನು ಗಟ್ಟಿಯಾಗಿ ಹಿಡಿಯುವವರೆಗೆ ಅವರು ಬಿಡುವ ಹಾಗಿಲ್ಲ. ಬಿಡಲಿಲ್ಲ. ಹಿಡಿದೆ. ಬಿಟ್ಟರು.

ಬಲದ ಅಂಚು ಮುಟ್ಟಿ ಪಿನ್ನು ಚುಚ್ಚಿ, ತಿರುಗಿ ನಡುವಿಗೆ ಬರಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆ ಅದನ್ನು ಇಸಿದುಕೊಳ್ಳುವ ಮುಂಚೆ ಕಿರುಬೆರಳಿನಿಂದ ನನ್ನ ಕಡೆಯ ದಾರವನ್ನು ಒಮ್ಮೆ ಮೀಟಿ ನೋಡಿದರು.

"ಇನ್ನೊಂದು ಸಲ," ಅಂದರು.

ಬಿಚ್ಚಿದೆ. ಜೋಡಿ ಜೋಡಿಯಾಗಿ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಹೊರಟೆ. ಅತ್ತೆ ಎದ್ದು ಹೋಗಲಿಲ್ಲ, ಬೇರೆ ಕೆಲಸ ಹಿಡಿಯಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತಮ್ಮ ಸರದಿ ಬರಲಿ ಅಂತ ಕಾಯುತ್ತಾ ಕೂತರು.